ಮುಚ್ಚಳ ಕಳೆದ ಬಾಟಲಿ

ಬಾನೆಟ್ ಎತ್ತಿ ಸರಳಿಗೆ ಆನಿಸಿ, ಡ್ರೈವರಣ್ಣ ಬ್ರೇಕ್ ಆಯಿಲ್ ಡಬ್ಬಿಗೆ ಮೂಗು ತಾಗುವಷ್ಟು ಬಗ್ಗಿದ. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದ. ಎಣ್ಣೆ ಮೇಲಿನ ಗೆರೆಗಿಂತ ಒಂದು ಬೆರಳು ಕೆಳಗಿತ್ತು. ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಒಬ್ಬನೇ ನಿಂತು ನಕ್ಕುಬಿಟ್ಟ.

"ನೋಡಿದ್ಯಾ ನಿನ್ನ ಮೆಕ್ಯಾನಿಕ್ ಕೆಲಸಾನ? ಅರ್ಧಂಬರ್ಧ!" ಎಂದು ಒಳಗಿದ್ದ ಹೆಂಡತಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದ.

ಕೈಯಲ್ಲಿದ್ದದ್ದು ಅವನು ಗಾಡಿ ಓಡಿಸುತ್ತಿದ್ದ ಕಾಲದ ಬಾಟಲಿ. ಮುಚ್ಚಳ ಎಂದೋ ಕಳೆದುಹೋಗಿ, ಬಾಯಿಗೆ ಪ್ಲಾಸ್ಟಿಕ್ ತುಂಡು ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಕಪಾಟಿನ ಮೇಲಿಟ್ಟು ಮೂರು ವರ್ಷವಾಗಿತ್ತು. ಗಾಡಿಯ ಡಬ್ಬಿಯ ಮೇಲೆ ಡಾಟ್ ಫೋರ್ ಎಂದು ಅಚ್ಚಾಗಿತ್ತು, ಬಾಟಲಿಯ ಮೇಲೆ ಡಾಟ್ ತ್ರೀ, ಬೇಗ ಕುದಿಯುವ ಕೆಳದರ್ಜೆಯದು. ಆ ಸಣ್ಣ ಅಕ್ಷರ ಅವನಿಗೆ ಕಾಣಲಿಲ್ಲ. ಕಂಡಿದ್ದರೂ ಅದೂ ಎಣ್ಣೆ, ಇದೂ ಎಣ್ಣೆ ಎನ್ನುತ್ತಿದ್ದ. ಗೆರೆ ಮುಟ್ಟುವ ತನಕ ಸುರಿದು, ಬಾನೆಟ್ ಇಳಿಸಿ, ಅಂಗೈಯಿಂದ ಎರಡು ಸಲ ತಟ್ಟಿದ. ಎಷ್ಟೋ ದಿನಗಳ ನಂತರ ಗಾಡಿ ತನ್ನದು ಅನ್ನಿಸಿತು.

ಇಪ್ಪತ್ತೆರಡು ವರ್ಷ ಆ ಪಿಕಪ್ ಅವನದೇ ಆಗಿತ್ತು. ಬಲಗಣ್ಣು ಕೈಕೊಟ್ಟ ಮೇಲೆ ಲೈಸೆನ್ಸ್ ಹೋಯಿತು. ಹೆಂಡತಿ ಡ್ರೈವಿಂಗ್ ಸ್ಕೂಲಿಗೆ ಸೇರಿ ಕಲಿತು, ಅವನು ಹೊರುತ್ತಿದ್ದ ಹಾಸಿಗೆ ಅಂಗಡಿಯ ಲೋಡನ್ನೇ ಹೊರತೊಡಗಿದಳು. ಮನೆ ನಡೆಯಿತು, ಅದು ಸರಿ. ಆದರೆ ಬೀದಿಯವರು ಅವಳನ್ನು ಡ್ರೈವರಮ್ಮ ಎಂದು ಕರೆಯತೊಡಗಿದಾಗ ಇವನ ಹೊಟ್ಟೆಯೊಳಗೆ ಕಿಚ್ಚು ಹತ್ತಿತು. ಹೊಟ್ಟೆಕಿಚ್ಚು ಅಂತ ಅವನಿಗೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಆರುವ ಕಿಚ್ಚೇ ಅದು?

ಅದಕ್ಕೆ ತುಪ್ಪ ಸುರಿದವನು ಮೆಕ್ಯಾನಿಕ್. ಅವಳು ಊಟಕ್ಕೆ ಕೂತರೆ ಅವನ ಮಾತು, ಪಾತ್ರೆ ತೊಳೆಯುವಾಗ ಅವನ ಮಾತು. ಸೀಲ್ ಒಡೆದ ಬಾಟಲಿ ಇಡಬಾರದಂತೆ. ಎಣ್ಣೆ ಕಪ್ಪಾಗದಿದ್ದರೂ ಎರಡು ವರ್ಷಕ್ಕೆ ಬದಲಾಯಿಸಬೇಕಂತೆ. ಲೆವೆಲ್ ಇಳಿದರೆ ಸುಮ್ಮನೆ ತುಂಬಿಸದೆ ಮೊದಲು ಬ್ರೇಕ್ ಪ್ಯಾಡ್ ಸವೆದಿದೆಯಾ ನೋಡಬೇಕಂತೆ. ಆ ಅಂತೆಗಳನ್ನು ಕೇಳಿ ಕೇಳಿ ಡ್ರೈವರಣ್ಣನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೆಕ್ಯಾನಿಕ್ ಅವಳನ್ನು ಬಾಯ್ತುಂಬ ಅಕ್ಕಾ ಎನ್ನುತ್ತಿದ್ದ. ಅದರಿಂದ ಇವನಿಗೆ ಇನ್ನೂ ಉರಿ. ಪುಣ್ಯಾತ್ಮ ಅನುಮಾನ ಪಡುವುದಕ್ಕೂ ಜಾಗ ಬಿಟ್ಟಿರಲಿಲ್ಲ.

ಹೆಂಡತಿ ಬೀಗದ ಕೈ ಹಿಡಿದು ಹೊರಗೆ ಬಂದಳು. ಗಾಡಿಯ ಹಿಂದೆ ಹದಿನಾರು ಹಾಸಿಗೆಗಳು ಆಗಲೇ ಏರಿ ನಿಂತಿದ್ದವು. ಹಗ್ಗದ ಗಂಟುಗಳನ್ನು ಎಳೆದು ನೋಡುತ್ತಾ ಅಂದಳು, "ಇವತ್ತು ಗುಡ್ಡದ ಮೇಲಿನ ಹಾಸ್ಟೆಲ್ಲಿಗೆ ಹೋಗ್ಬೇಕು ರೀ. ಬರೋದು ಸ್ವಲ್ಪ ಲೇಟಾಗತ್ತೆ."

"ಗುಡ್ಡಕ್ಕಾ? ಊರೊಳಗೆ ಅಂದಿದ್ಯಲ್ಲ?"

"ಬೆಳಿಗ್ಗೆ ಬದಲಾಯಿಸಿದ್ರು. ಹೋಗೋದೇನೂ ಕಷ್ಟ ಇಲ್ಲ, ಇಳಿಯೋದೇ. ಬ್ರೇಕ್ ಕಾದು ಕೆಂಡ ಆಗ್ಬಿಡತ್ತೆ. ಎಣ್ಣೇಲಿ ನೀರು ಸೇರಿದ್ರೆ ಅದು ಅಲ್ಲೇ ಕುದ್ದು ಆವಿ ಆಗತ್ತಂತೆ. ಪೆಡಲ್ ಒತ್ತಿದ್ರೆ ಹತ್ತಿ ಒತ್ತಿದ ಹಾಗೆ ಒಳಗೆ ಹೋಗತ್ತಂತೆ."

"ಎಣ್ಣೇಲಿ ನೀರು ಎಲ್ಲಿಂದ ಬರತ್ತೆ?"

"ಗಾಳಿಯಿಂದ. ಬಾಯಿ ತೆರೆದಿಟ್ಟ ಬಾಟಲಿ ಸುಮ್ನೆ ಕೂತು ನೀರು ಹೀರ್ಕೊಳ್ಳತ್ತಂತೆ. ಕಪಾಟಿನ ಮೇಲಿರೋ ನಿಮ್ಮ ಬಾಟಲೀನ ಎಸೀರಿ ಅಂತ ಎಷ್ಟು ಸಲ ಹೇಳಿದೀನಿ."

ಅವಳು ಹತ್ತಿ ಕೂತಳು. ಹೇಳಿದರೆ ಮೆಕ್ಯಾನಿಕ್ ಗೆದ್ದ ಹಾಗೆ. ನಾಳೆ ಗ್ಯಾರೇಜಿನಲ್ಲಿ ಅವನು ಮೀಸೆಯಡಿ ನಗುವುದು ಇಲ್ಲಿಗೇ ಕಂಡಿತು. ಹೇಳದಿದ್ದರೆ? ಬರೀ ಒಂದು ಬೆರಳು ಎಣ್ಣೆ, ಏನೂ ಆಗಲಿಕ್ಕಿಲ್ಲ ಅಂದುಕೊಂಡ. ಇಂಜಿನ್ ಗುರುಗುಟ್ಟಿತು. ಅಷ್ಟರಲ್ಲಿ ಅವನ ಕಾಲುಗಳು ಅವನನ್ನು ಕೇಳದೆ ಗಾಡಿಯ ಮುಂದೆ ಹೋಗಿ ನಿಂತವು.

"ಗಾಡಿ ತೆಗೀಬೇಡ."

ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಯಾಕೆ?"

"ಬೇಡ ಅಂದ್ರೆ ಬೇಡ."

"ಏನ್ರೀ ನಿಮ್ಮದು? ದಿನಾ ಒಂದು ಕೊಕ್ಕೆ. ನಾನು ಈ ಸೀಟಲ್ಲಿ ಕೂತ್ರೆ ನಿಮ್ಗೆ ಆಗಲ್ಲ, ಅಷ್ಟೇ ತಾನೆ?"

"ಹೌದು ಕಣೇ, ಆಗಲ್ಲ!" ಎಂದು ಅವನು ಕೂಗಿದ. ಆಮೇಲೆ ದನಿ ತಗ್ಗಿಸಿದ. "ಅದಕ್ಕೇ ಹಾಕಿದೆ."

"ಏನು ಹಾಕಿದ್ರಿ?"

ಅವನು ಗೋಡೆಯ ಪಕ್ಕದಿಂದ ಬಾಟಲಿ ತಂದು ಬಾನೆಟ್ ಮೇಲಿಟ್ಟ. ಪ್ಲಾಸ್ಟಿಕ್ ತುಂಡು ಗಾಳಿಗೆ ಪಟಪಟ ಎಂದಿತು. ಅವಳು ಅದನ್ನು ನೋಡಿದಳು, ಅವನನ್ನು ನೋಡಿದಳು, ಇಂಜಿನ್ ಆರಿಸಿದಳು. ಬೈಯಲಿ ಎಂದು ಅವನು ಕಾದ. ಅವಳು ಅಂಗಡಿಗೆ ಫೋನ್ ಮಾಡಿ, ಎರಡು ಗಂಟೆ ತಡವಾಗುತ್ತದೆ ಎಂದಷ್ಟೇ ಹೇಳಿದಳು.

"ಅವನಿಗೂ ಮಾಡು," ಡ್ರೈವರಣ್ಣ ಅಂದ. ಆ ಮಾತು ಹಲ್ಲು ಕಿತ್ತ ಹಾಗೆ ಹೊರಬಂತು.

"ಯಾಕೆ? ಇದಕ್ಕೆ ಇಬ್ರು ಸಾಕು."

ಸಿರಿಂಜಿನಿಂದ ಡಬ್ಬಿಯ ಎಣ್ಣೆಯನ್ನೆಲ್ಲ ಎಳೆದು ತೆಗೆದು, ಸೀಟಿನಡಿಯಿಂದ ಹೊಸ ಬಾಟಲಿ ತಂದು ಸೀಲ್ ಒಡೆದು ತುಂಬಿಸಿದಳು. ಗೋಣಿಚೀಲ ಹಾಸಿ, ಸ್ಪ್ಯಾನರ್, ತೆಳ್ಳನೆಯ ಪೈಪು ಮತ್ತು ಒಂದು ಖಾಲಿ ಡಬ್ಬ ಹಿಡಿದು ಹಿಂದಿನ ಚಕ್ರದ ಕೆಳಗೆ ತೂರಿದಳು. "ಬ್ರೇಕ್ ಪೈಪಿಗೆ ಇಳಿದಿರೋ ಎಣ್ಣೇನೂ ಹೊರಗೆ ಬರ್ಬೇಕು, ಹತ್ತಿ ಕೂತ್ಕೊಳ್ಳಿ. ನಾನು ಒತ್ತಿ ಅಂದಾಗ ಪೆಡಲ್ ಒತ್ತಿ. ಬಿಡಿ ಅನ್ನೋ ತನಕ ಬಿಡಬೇಡಿ. ಮಧ್ಯೆ ಬಿಟ್ರೆ ಗಾಳಿ ಎಳ್ಕೊಳ್ಳತ್ತೆ."

ಎರಡು ವರ್ಷಗಳ ನಂತರ ಅವನು ಆ ಸೀಟು ಹತ್ತಿದ. ಅವಳ ಎತ್ತರಕ್ಕೆ ತಕ್ಕಂತೆ ಅದು ಮುಂದಕ್ಕೆ ಸರಿದಿತ್ತು. ಮೊಣಕಾಲು ಸ್ಟಿಯರಿಂಗಿಗೆ ಬಡಿಯಿತು.

"ಒತ್ತಿ."

ಒತ್ತಿದ. ಕಾಲಿನ ಕೆಳಗೆ ಪೆಡಲ್ ಮೆಲ್ಲಗೆ ಇಳಿಯಿತು. ಪೈಪಿನಿಂದ ಎಣ್ಣೆ ಡಬ್ಬಕ್ಕೆ ಬೀಳುವ ಸದ್ದು ಕೇಳಿತು.

"ಬಿಡಿ."

ಬಿಟ್ಟ. ತಡೆಯಲಾಗದೆ ಕೇಳಿಯೂ ಬಿಟ್ಟ, "ಇದನ್ನೂ ಅವನೇ ಹೇಳಿಕೊಟ್ನಾ?"

"ಹೂಂ," ಕೆಳಗಿನಿಂದ ದನಿ ಬಂತು. "ಮೊದಲು ನಿಮ್ಮನ್ನೇ ಕೇಳಿದ್ದೆ. ಗಾಡಿ ಓಡ್ಸೋದನ್ನೂ ನಿಮ್ಮನ್ನೇ ಕೇಳಿದ್ದೆ."

ಡ್ರೈವರಣ್ಣನ ಕೈ ಸೀಟಿನ ಕೆಳಗಿನ ಸರಳಿಗೆ ಹೋಯಿತು. ಅದನ್ನು ಎತ್ತಿ ಹಿಂದಕ್ಕೆ ತಳ್ಳಿದರೆ ಆರಾಮಾಗಿ ಕೂರಬಹುದಿತ್ತು. ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಒತ್ತಿ," ಅಂದಳು.

ಮೊಣಕಾಲು ಸ್ಟಿಯರಿಂಗಿಗೆ ಒತ್ತಿಕೊಂಡಿದ್ದಂತೆಯೇ, ಅವನು ಒತ್ತಿ ಹಿಡಿದ.