ಮಲಗಿದ ನೆಲದ ಹೆಸರು

ತಾಲ್ಲೂಕು ಬೋರ್ಡಿನ ಮೀಟಿಂಗಿನಲ್ಲಿ ಹದಿನೆಂಟು ಕೈ ಮೇಲೆದ್ದಾಗಲೂ ಕೇತೇಗೌಡನ ಕೈ ಮಾತ್ರ ಮೇಜಿನ ಮೇಲೇ ಇರುತ್ತಿತ್ತು. ಬೆಟ್ಟದ ಪೋಡಿನಿಂದ, ಅಂದರೆ ಸೋಲಿಗರ ಹಾಡಿಯಿಂದ, ಯಳಂದೂರಿಗೆ ಇಳಿದು ಬರುತ್ತಿದ್ದ ಸೋಲಿಗ ಮೆಂಬರು ಅವನೊಬ್ಬನೇ. ವಿರೋಧ ಪಕ್ಷದಿಂದ ಗೆದ್ದು ಬಂದವನೂ ಅವನೊಬ್ಬನೇ. ಸೋಲಿಗರ ನೆಲಕ್ಕೆ ಹಕ್ಕುಪತ್ರ ಕೊಡಿ ಎಂದು ಆರು ವರ್ಷದಿಂದ ಕೇಳುತ್ತಿದ್ದ. ಮಾಂಬಳ್ಳಿಯ ಪುಟ್ಟಮಲ್ಲಪ್ಪ ಅಧ್ಯಕ್ಷ. ಅವನು ಪ್ರತಿ ಸಲವೂ "ನೋಡೋಣ" ಎಂದು ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಈ ನೋಡೋಣ ಎಂಬ ಮಾತನ್ನು ಮೊದಲು ಕಂಡುಹಿಡಿದವನಿಗೆ ಯಾರಾದರೂ ಶಾಲು ಹೊದಿಸಬೇಕು.

ಹೀಗಿರುವಾಗ ಎಪ್ಪತ್ತನಾಲ್ಕನೇ ಇಸವಿಯ ಮಾಘದಲ್ಲಿ ಪುಟ್ಟಮಲ್ಲಪ್ಪ ತಾನಾಗಿ ಎದ್ದು ಬಂದು ಕೇತೇಗೌಡನ ಹೆಗಲ ಮೇಲೆ ಕೈ ಹಾಕಿದ. ಜೊತೆಗೆ ಹೊಸ ಸಾಹೇಬರೊಬ್ಬರಿದ್ದರು, ಕಂಕುಳಲ್ಲಿ ಸುತ್ತಿದ ನಕ್ಷೆ.

"ನಿಮ್ ಕೆಲ್ಸ ಆಯ್ತು ಅನ್ಕಳಿ ಗೌಡ್ರೇ. ಕಾಡೊಳಗೆ ಯಾವ್ಯಾವ ಜಾಗ ನಿಮ್ದು, ಬರ್ಕೊಡಿ. ಮಿಕ್ಕಿದ್ದು ನಂಗ್ ಬುಡಿ."

ಕೇತೇಗೌಡ ಹಿಗ್ಗಬೇಕಿತ್ತು. ಹಿಗ್ಗಲಿಲ್ಲ. ಆರು ವರ್ಷ "ಏನಯ್ಯಾ" ಎಂದವನ ಬಾಯಲ್ಲಿ ಇವತ್ತು "ಗೌಡ್ರೇ" ಬಂದಿತ್ತು.

ಅವನ ಪೋಡಿನವರು ಒಂದೇ ಕಡೆ ಕಚ್ಚಿಕೊಂಡು ಬೇಸಾಯ ಮಾಡುವವರಲ್ಲ. ಮೂರು ವರ್ಷ ರಾಗಿ, ಅವರೆ, ಸಾಸಿವೆ ತೆಗೆದು, ನೆಲವನ್ನು ಮಲಗಲು ಬಿಟ್ಟು ಮುಂದಿನದಕ್ಕೆ ಹೋಗುತ್ತಾರೆ. ಹಾಗೆ ಐದು ನೆಲ. ಮಲಗಿದ ನೆಲದ ಹೆಸರನ್ನು ಹೊರಗಿನವರ ಮುಂದೆ ಆಡುವಂತಿಲ್ಲ. ನಿದ್ದೆಗೆಟ್ಟ ನೆಲ ಅನ್ನ ಕೊಡುವುದಿಲ್ಲ ಎಂದು ಅಜ್ಜಂದಿರ ಕಾಲದಿಂದ ನಂಬಿಕೊಂಡು ಬಂದವರು. ಅರಣ್ಯ ಇಲಾಖೆಯ ಕಾವಲಿನವರು ಎದುರಾಗಿ ಕೇಳಿದರೆ "ಅತ್ತಾಗೆಲ್ಲ ಬರೀ ಕಾಡು ಸಾ" ಎಂದು ಸುಮ್ಮನಾಗುತ್ತಿದ್ದರು. ಈಗ ಬೇಸಾಯದಲ್ಲಿದ್ದ ನೆಲ ಸೋತುಹೋಗಿತ್ತು. ಮುಂಗಾರಿಗೆ ಮೂವತ್ತೆರಡು ಮನೆಯೂ ಮಲಗಿದ್ದವುಗಳಲ್ಲಿ ಸರದಿ ಬಂದ ನೆಲ್ಲಿದಿಣ್ಣೆಗೆ ಹೋಗಿ ಬಿತ್ತಬೇಕು. ಬಿತ್ತದಿದ್ದರೆ ಮುಂದಿನ ವರ್ಷ ಒಲೆ ಹತ್ತುವುದಿಲ್ಲ.

ಸಂಜೆ ಗುಡಿಸಲ ಮುಂದೆ ಕೂತು ಅವ್ವನಿಗೆ ಎಲ್ಲ ಹೇಳಿದ. ಪುಟ್ಟಮಾದಮ್ಮ ಮೊರದಲ್ಲಿ ಅವರೆ ಕೇರುತ್ತಿದ್ದವಳು ಕೈ ನಿಲ್ಲಿಸಿದಳು.

"ಎಸ್ರು ಯೋಳ್ಬ್ಯಾಡ ಕಣ್ಲಾ."

"ಯೋಳ್ದೆ ಪತ್ರ ಯಂಗ್ ಕೊಟ್ಟಾರವ್ವಾ? ನಾವು ಕಾಡು ಕಾಡು ಅಂತಿದ್ರೆ, ಯಾರ್ದೂ ಅಲ್ಲ ಅಂತ ಬರ್ಕತರೆ."

"ಆರ್ ವರ್ಸ ನಿನ್ ಮಾತ ಕಿವೀಗಾಕಳ್ದೋನು ಇವತ್ತು ಯಾಕ್ಲಾ ಬಾಯ್ಬುಟ್ಟು ಕೇಳ್ತಾವ್ನೆ?"

ಆ ಅನುಮಾನ ಕೇತೇಗೌಡನಿಗೂ ಇತ್ತು. ಆದರೆ ಚುನಾವಣೆ ಹತ್ತಿರವಿತ್ತು. ಎತ್ತದ ಕೈಯೊಂದನ್ನು ಬಿಟ್ಟರೆ ಜನಕ್ಕೆ ತೋರಿಸಲು ಅವನ ಹತ್ತಿರ ಏನಿತ್ತು? ಇನ್ನೂ ಒಂದು ಮಾತಿದೆ, ಮುಚ್ಚಿಡುವುದೇಕೆ. ಪೋಡಿನ ನಡುವೆ ನಿಂತು ಒಂದೊಂದೇ ಮನೆಯವರನ್ನು ಕರೆದು ಪತ್ರ ಹಂಚುವ ಚಿತ್ರ ಅವನ ಕಣ್ಣಿಗೆ ಕಟ್ಟಿಬಿಟ್ಟಿತ್ತು. ಆ ಆಸೆ ಕೆಟ್ಟದ್ದು ಎಂದು ಹೇಳಲು ನನಗೆ ನಾಲಿಗೆ ಬರುವುದಿಲ್ಲ, ಪಾಪ.

ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತು ಐದು ಹೆಸರನ್ನೂ ಹೇಳಿದ. ಸಾಹೇಬರು ನಕ್ಷೆ ಬಿಡಿಸಿ, ಹಳ್ಳದ ಎಡಕ್ಕೋ ಬಲಕ್ಕೋ, ನಡೆದರೆ ಎಷ್ಟು ಹೊತ್ತು, ನೀರು ಎಲ್ಲಿ ಎಂದು ಬಿಡಿಬಿಡಿಸಿ ಕೇಳಿ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿಕೊಂಡರು. ಅವನ ಮಾತನ್ನು ಇಷ್ಟು ಮುತುವರ್ಜಿಯಿಂದ ಯಾರೂ ಬರೆದುಕೊಂಡಿರಲಿಲ್ಲ. ಪಟ್ಟಿಯನ್ನು ಮೇಲಕ್ಕೆ ಕಳಿಸುವುದಕ್ಕೆ ಒಪ್ಪಿಗೆ ಕೇಳಿದಾಗ ಕೇತೇಗೌಡನೂ ಕೈ ಎತ್ತಿದ. ಪುಟ್ಟಮಲ್ಲಪ್ಪ ಆ ಕೈಯನ್ನೇ ನೋಡಿ ಮುಗುಳ್ನಕ್ಕು, ಎಲ್ಲರಿಗೂ ಕಾಫಿ ತರಿಸಿದ.

ಪಕ್ಕದಲ್ಲಿ ಕೂತಿದ್ದ ಮಾದಸ್ವಾಮಿ ಆಳುವ ಪಕ್ಷದ ಹಿರಿಯ ಮೆಂಬರು, ಒಳ್ಳೆಯ ಮನುಷ್ಯ. ಅವರು ಕಾಫಿ ಮುಟ್ಟಲಿಲ್ಲ.

"ನೀವ್ಯಾಕೆ ಕೈ ಎತ್ತುದ್ರಿ ಗೌಡ್ರೇ?" ಎಂದು ಮೆಲ್ಲಗೆ ಕೇಳಿ, ಉತ್ತರಕ್ಕೂ ಕಾಯದೆ ಹೊರಟುಹೋದರು.

ಆಮೇಲೆ ಕಾಡಿನಲ್ಲಿ ಅಳತೆಯ ಸರಪಳಿ ಹಿಡಿದವರು ಓಡಾಡಿದರು. ಬಂಡೆಗಳ ಮೇಲೆ ಸುಣ್ಣದ ಗುರುತು ಬಿತ್ತು. ಪೋಡಿಗೆ ಬಂದು ಯಾರೊಬ್ಬರೂ ಒಂದು ಮಾತಾಡಲಿಲ್ಲ. ಕೇತೇಗೌಡ ಎರಡು ಸಲ ಯಳಂದೂರಿಗೆ ಇಳಿದ. ಅಧ್ಯಕ್ಷರು ಊರಲ್ಲಿಲ್ಲ ಎಂದರು ಆಫೀಸಿನವರು. ಎರಡನೆಯ ಸಲ ಅಧ್ಯಕ್ಷರ ಚಪ್ಪಲಿ ಬಾಗಿಲಲ್ಲೇ ಇದ್ದವು.

ಮೊದಲ ಮಳೆ ಬಿದ್ದ ಮರುದಿನ ಪೋಡು ಹೊರಟಿತು. ಮಚ್ಚು, ಕೋಳಿ, ಕಂಕುಳ ಕೂಸು, ತಲೆಯ ಮೇಲೆ ಬಿತ್ತನೆಯ ಗಂಟು. ಮುಂದೆ ಕೇತೇಗೌಡ. ನೆಲ್ಲಿದಿಣ್ಣೆಯ ಅಂಚಿನಲ್ಲಿ ಹೊಸದಾಗಿ ಕಂದಕ ತೋಡಿದ್ದರು. ಆಚೆ ಬದಿಯಲ್ಲಿ ಐದು ಜನ ಕಾವಲಿನವರು, ಅವರ ನಡುವೆ ಎರಡು ಕಂಬ ನೆಟ್ಟು ಒಂದು ತಗಡಿನ ಫಲಕ. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

ಪೋಡಿನ ಅಷ್ಟು ಜನದಲ್ಲಿ ಓದು ಬರುತ್ತಿದ್ದವನು ಕೇತೇಗೌಡನೊಬ್ಬನೇ.

"ಏನ್ ಬರ್ದವ್ರೆ, ಓದ್ಲಾ," ಎಂದಳು ಅವ್ವ.

"ವನ್ಯಧಾಮ ಅಂತೆ. ಒಳೀಕೆ ಕಾಲಿಟ್ರೆ ಜೈಲು ಅಂತೆ."

"ಮ್ಯಾಲ್ನ ಸಾಲು?"

ಕೇತೇಗೌಡ ಹಿಂದಿರುಗಿ ನೋಡಿದ. ಮೂವತ್ತೆರಡು ಮನೆಯವರೂ ಕಾಯುತ್ತಾ ನಿಂತಿದ್ದರು.

"ನೆಲ್ಲಿದಿಣ್ಣೆ," ಎಂದ ಕೊನೆಗೆ.

ಪುಟ್ಟಮಾದಮ್ಮ ತಲೆಯ ಮೇಲಿನ ಗಂಟನ್ನು ನಿಧಾನವಾಗಿ ಇಳಿಸಿ ನೆಲದ ಮೇಲಿಟ್ಟಳು. "ಮಿಕ್ಕವು?"

ಕಾವಲಿನವರಲ್ಲಿ ವಯಸ್ಸಾದವನೊಬ್ಬ, ಕೆಟ್ಟವನಲ್ಲ, ಮರ್ಯಾದೆಯಿಂದಲೇ ಹೇಳಿದ. "ಎಲ್ಲಾ ಕಡೆ ಆಕಿದ್ದೀವಿ ಕಣವ್ವಾ. ಒಂದೂ ತಪ್ಪಿಲ್ಲ. ಮೆಂಬರ್ರು ಬರ್ಸಿದಂಗೇ."

ಪೋಡಿನವರು ಕಾವಲಿನವನ ಕಡೆ ನೋಡಲಿಲ್ಲ, ಕೇತೇಗೌಡನನ್ನೇ ನೋಡಿದರು. ಪುಟ್ಟಮಾದಮ್ಮ ಮಾತ್ರ ಮಗನ ಮುಖವನ್ನು ನೋಡಲಿಲ್ಲ. ಬಗ್ಗಿ ಗಂಟನ್ನು ಮತ್ತೆ ತಲೆಗೇರಿಸಿಕೊಂಡಳು. ಯಾವ ಕಡೆಗೆ ಹೆಜ್ಜೆ ಇಡಬೇಕೆಂದು ತಿಳಿಯದೆ ಅಲ್ಲೇ ನಿಂತಳು.