ಹ್ಯೆಲ್ದಾಲ್ ಎನ್ನಲು ಕಲಿತವನು

"ಶೆಲ್ದಾಲ್," ಎಂದ ಸಾಂದೆರ್.

ಟೋರ್ಗಿಲ್ಸ್ ಕುರಿಯ ಹೊಟ್ಟೆಯ ಉಣ್ಣೆ ತೆಗೆಯುತ್ತಿದ್ದ ಕತ್ತರಿಯನ್ನು ನಿಲ್ಲಿಸಿದ. "ಶೆ ಅಲ್ಲ ಮಾರಾಯ. ನಾಲಿಗೆ ಎತ್ತು, ಅಂಗುಳಕ್ಕೆ ತಾಗಿಸ್ಬೇಡ, ಸಂದಿಯಲ್ಲಿ ಗಾಳಿ ಬಿಡು. ಸಿಟ್ಟು ಬಂದ ಬೆಕ್ಕನ್ನ ನೋಡಿಲ್ವಾ? ಹ್ಯೆಲ್ದಾಲ್."

ಕುರಿಯ ತಲೆಯನ್ನು ಮೊಣಕಾಲುಗಳ ನಡುವೆ ಅವುಚಿ ಹಿಡಿದಿದ್ದ ಅವನ ಮಗಳು ಇಂಗ್ರುನ್ ಮುಖವೆತ್ತಲಿಲ್ಲ. ಅವಳಿಗೆ ಇದು ಹಳೆಯ ಪಾಠ. ಅವಳ ವಾರಿಗೆಯವರೆಲ್ಲ 'ಶೆ' ಎನ್ನುವವರೇ. ಅದನ್ನು ಕೇಳಿದರೆ ಹಳಬರಿಗೆ ಮೈ ಉರಿಯುತ್ತದೆ. ಸರಿಯಾಗಿ ಹೇಳುವ ತನಕ ಅಪ್ಪ ಅವಳ ಮುಂದಿನ ವಾಫಲ್ ತಟ್ಟೆಯನ್ನು ತನ್ನತ್ತ ಎಳೆದುಕೊಂಡು ಕೂರುತ್ತಿದ್ದ.

ಆ ಕಣಿವೆಯಲ್ಲಿ ಜಮೀನಿಗೆ ಯಾವ ಹೆಸರೋ ಅಲ್ಲಿ ಬಾಳುವವರಿಗೂ ಅದೇ; ಇವರದು ಹ್ಯೆಲ್ದಾಲ್. ಜಮೀನು ಹಿರಿಯ ಸಂತಾನಕ್ಕೆ, ಇಲ್ಲಿ ಇಂಗ್ರುನ್‌ಗೆ. ಅವಳನ್ನು ಮದುವೆಯಾಗುವವನು ತನ್ನ ಹೆಸರನ್ನು ಗೇಟಿನಾಚೆ ಕಳಚಿಟ್ಟು ಬರಬೇಕು, ಟೋರ್ಗಿಲ್ಸನ ಮಟ್ಟಿಗಂತೂ. ಅಮ್ಮ ತೀರಿಕೊಂಡಾಗ ಟ್ರೊಮ್ಸೋ ನಗರದ ಓದನ್ನು ಅರ್ಧಕ್ಕೆ ಬಿಟ್ಟು ಬಂದ ಇಂಗ್ರುನ್, ಆಮೇಲೆ ಈ ಕುರಿಗಳನ್ನು ದಾಟಿ ಎಲ್ಲಿಗೂ ಹೋಗಿರಲಿಲ್ಲ. ಅವಳನ್ನು ಮದುವೆಯಾಗಲಿರುವ ಸಾಂದೆರ್ ಕರಾವಳಿಯ ಹುಡುಗ, ದೋಣಿಗಳ ಎಂಜಿನ್ ರಿಪೇರಿ ಮಾಡುವವನು. ಅವನ ನಾಲಿಗೆ ಬಗ್ಗುವುದಿಲ್ಲ, ಅಪ್ಪ ರೋಸಿಹೋಗಿ 'ಇವಳನ್ನ ಕರಕೊಂಡು ಹೋಗು ಅತ್ಲಾಗೆ' ಎನ್ನುತ್ತಾನೆ ಎಂದು ಅವಳು ಎಣಿಸಿದ್ದಳು. ಸಾಂದೆರ್‌ಗೆ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದೆಯೂ ಗೊತ್ತಾಗುತ್ತದೆ ಅಂದುಕೊಂಡಿದ್ದಳು.

ಸಾಂದೆರ್ ಹಟ ಹಿಡಿದ. ಕೊಟ್ಟಿಗೆಯಿಂದ ಕುರಿಗಳನ್ನು ಎಳೆದು ತರುವಾಗಲೂ ಬುಸುಗುಟ್ಟುತ್ತಲೇ ಇದ್ದ. ಮಧ್ಯಾಹ್ನದ ಕಾಫಿ ಮುಗಿದು, ಕೊನೆಯ ಕುರಿಯ ಒಂದು ಮಗ್ಗುಲಿನ ಉಣ್ಣೆ ಕತ್ತರಿಸಿ ಆಗಿತ್ತು.

"ಹ್ಯೆಲ್ದಾಲ್," ಎಂದ.

ಇಂಗ್ರುನಳ ಅಜ್ಜಿ ಹೇಳುತ್ತಿದ್ದ ಹಾಗೇ ಇತ್ತು. ಟೋರ್ಗಿಲ್ಸ್ ಕತ್ತರಿಯನ್ನು ಪ್ಯಾಂಟಿಗೆ ಒರೆಸಿ ಸಾಂದೆರನ ಕೈಗಿತ್ತ. ಮಗಳಿಗೆ ಯಾವತ್ತೂ ಕೊಡದಿದ್ದ ಕತ್ತರಿ ಅದು.

"ಹಿಮ ಬೀಳೋ ಮೊದ್ಲು ನಾನು ಸಣ್ಣಮನೆಗೆ ಹೋಗ್ತೀನಿ," ಎಂದು ಅಂಗಳದಾಚೆಗೆ ಕೈ ತೋರಿದ. ಯಜಮಾನಿಕೆ ಬಿಟ್ಟುಕೊಟ್ಟ ಹಿರಿಯರು ಹೋಗಿ ಇರುವ ಮನೆ ಅದು. "ದೊಡ್ಡಮನೆ, ಕುರಿ, ಎಲ್ಲ ನಿಮ್ಮಿಬ್ರದು. ಏನಂತೀಯೇ ಮಗಳೇ?"

ಸಾಂದೆರನ ಮುಖ ಕೆಂಪೇರಿ ಹೊಳೆಯುತ್ತಿತ್ತು. ಅವನು ಅವಳತ್ತ ತಿರುಗಿ ಇನ್ನೊಮ್ಮೆ ಆ ಹೆಸರು ಹೇಳಿದ. ಈ ಸಲವೂ ತಪ್ಪಲಿಲ್ಲ.

ಇಂಗ್ರುನ್ ಮೊಣಕಾಲು ಸಡಿಲಿಸಿದಳು. ಕುರಿ ಕೊಸರಿಕೊಂಡು, ಒಂದು ಕಡೆಯ ಉಣ್ಣೆಯನ್ನು ನೆಲದ ಮೇಲೆ ಎಳೆಯುತ್ತ ಓಡಿ, ಮುಚ್ಚಿದ ಗೇಟಿಗೆ ಮೂತಿ ಒತ್ತಿ ನಿಂತಿತು.

"ಬೇಡ ಅಪ್ಪ," ಎಂದಳು. "ನಂಗೆ ಬೇಡ."