ಹಿಡಿ ಎಳೆದವರು ಯಾರು

ಬಂದೂಕಿನ ಅಂಗಡಿಯ ರಾಸ್ ತೋಟಾ ತುಂಬುವ ಎರಡೂ ಯಂತ್ರಗಳನ್ನು ಕೌಂಟರಿನ ಮೇಲೆ ಪಕ್ಕಪಕ್ಕ ಇಟ್ಟ. ಒಂದು, ಹೋದ ತಿಂಗಳು ಉಮಾಪತಿ ಇವನ ಮಾತನ್ನು ಕಿವಿಗೇ ಹಾಕಿಕೊಳ್ಳದೆ ಹೊತ್ತೊಯ್ದದ್ದು. ಹಿಡಿ ಎಳೆದಾಗಲೆಲ್ಲ ತಟ್ಟೆ ತಿರುಗಿ, ಒಂದು ಖಾಲಿ ತೋಟಾಕ್ಕೆ ಮದ್ದು ಬೀಳುವಷ್ಟರಲ್ಲಿ ಇನ್ನೊಂದಕ್ಕೆ ಗುಂಡು ಕೂತಿರುತ್ತಿತ್ತು. ಇನ್ನೊಂದು ಹಳೇ ಕಾಲದ್ದು. ಒಂದು ಸಲಕ್ಕೆ ಒಂದೇ ತೋಟಾ, ಒಂದೇ ಕೆಲಸ. ಹೊಸಬರಿಗೆ ಇದೇ ಸರಿ ಎಂದು ರಾಸ್ ಅವತ್ತೇ ಹೇಳಿದ್ದ. ಬ್ರಿಸ್ಬೇನಿನ ರೈಲ್ವೆ ಸಿಗ್ನಲ್ಲುಗಳಲ್ಲಿ ಬೇರೆಯವರು ಮಾಡಿದ ತಪ್ಪು ಹುಡುಕುವುದೇ ಕೆಲಸವಾಗಿದ್ದ ಉಮಾಪತಿಗೆ ಹೊಸಬ ಅನ್ನಿಸಿಕೊಳ್ಳುವುದು ಹಿಡಿಸಿರಲಿಲ್ಲ. ಈಗ ಆ ತಟ್ಟೆಯ ಯಂತ್ರವನ್ನು ಕೊಟ್ಟು ಹಳೇ ಕಾಲದ್ದನ್ನು ಒಯ್ಯಲು ವಾಪಸು ಬಂದಿದ್ದಾನೆ.

"ಏನಾಯ್ತು ಮೇಟ್?" ಎಂದ ರಾಸ್.

ಆಗಿದ್ದಿಷ್ಟು. ಶನಿವಾರ ಕ್ಲಬ್ಬಿನಲ್ಲಿ ಢಂ ಅನ್ನಬೇಕಾದ ಪಿಸ್ತೂಲು ಟುಸ್ ಅಂದಿತ್ತು. ಆ ತೋಟಾದಲ್ಲಿ ಮದ್ದೇ ಇರಲಿಲ್ಲ. ಗುಂಡು ನಳಿಗೆಯ ಮಧ್ಯೆ ಸಿಕ್ಕಿಕೊಂಡಿತ್ತು. ಪಕ್ಕದಲ್ಲಿದ್ದ ಬಾಲಕೃಷ್ಣ "ನಿಲ್ಸೋ" ಎಂದು ಕೂಗದಿದ್ದರೆ ಇವನು ಇನ್ನೊಂದು ಹೊಡೆದು, ನಳಿಗೆ ಸಿಡಿದು, ಇಬ್ಬರಲ್ಲಿ ಒಬ್ಬರ ಕಣ್ಣೋ ಕೈಯೋ ಹೋಗುತ್ತಿತ್ತು.

ಯಾಕೆ ಹಾಗಾಯಿತೆಂದು ಉಮಾಪತಿಗೆ ಚೆನ್ನಾಗಿಯೇ ಗೊತ್ತು. ಆಯುಧಪೂಜೆಯ ಬೆಳಿಗ್ಗೆ ಫಾರೆಸ್ಟ್ ಲೇಕ್ ಬಡಾವಣೆಯ ಮನೆಯ ಗ್ಯಾರೇಜಿನಲ್ಲಿ ತೋಟಾ ತುಂಬುತ್ತಿದ್ದವನು ತಾನೇ ಹೆಂಡತಿಯನ್ನು ಕರೆದಿದ್ದ. "ಇಂದು, ಕಾರಿಗೆ ಮಾಡಿದ್ಮೇಲೆ ಇದಕ್ಕೂ ಕುಂಕುಮ ಇಟ್ಬಿಡು." ಅರ್ಧ ಕೆಲಸ ಆಗಿದೆಯಲ್ಲ, ಮುಗಿಸಿಬಿಡಿ ಎಂದು ಅವಳು ಹೇಳಿದರೂ ಕೇಳಲಿಲ್ಲ. ಪೂಜೆಯಾದ ಆಯುಧವನ್ನು ಆವತ್ತು ಮುಟ್ಟುವ ಹಾಗಿಲ್ಲ, ತಟ್ಟೆ ಅರ್ಧ ತಿರುಗಿದ್ದು ಹಾಗೇ ನಿಂತಿತು. ಮಾರನೆಯ ದಿನ ಎಲ್ಲಿಗೆ ನಿಲ್ಲಿಸಿದ್ದೆ ಎಂದು ನೋಡುವ ಗೋಜಿಗೂ ಹೋಗದೆ ಹಿಡಿ ಎಳೆದ. ಮದ್ದು ಬೀಳದ ತೋಟಾವೊಂದು ಗುಂಡು ಕೂರಿಸಿಕೊಂಡು ಮುಂದಕ್ಕೆ ಹೋಗಿಬಿಟ್ಟಿತು.

ಇದನ್ನು ಈ ಬಿಳಿಯನಿಗೆ ಹೇಗೆ ಹೇಳುವುದು? ಯಂತ್ರಕ್ಕೆ ಹೂವು ಮುಡಿಸಿ ರಜೆ ಕೊಟ್ಟಿದ್ದೆ ಎನ್ನುವುದೇ? ಹೋಗಲಿ, ನಾನು ಮರೆತೆ ಅಂದರೆ ಸಾಕಾಗಿತ್ತು. ಅದೂ ಬಾಯಿಗೆ ಬರಲಿಲ್ಲ.

"ನನ್ನ ಹೆಂಡತಿ ಗ್ಯಾರೇಜು ಗುಡಿಸುವಾಗ ಹಿಡಿ ಎಳೆದುಬಿಟ್ಟಿದ್ದಾಳೆ," ಎಂದ ಇಂಗ್ಲಿಷಿನಲ್ಲಿ.

ಇಂದುಮತಿ ಪಕ್ಕದಲ್ಲೇ ಇದ್ದಳು. ತಿರುಗಿ ಅವನ ಮುಖ ನೋಡಿದಳು. ತಾನು ಹೇಳಿದ್ದು ಸುಳ್ಳೆಂದು ಅವಳೇ ಹೇಳಿಬಿಟ್ಟರೆ ಸಾಕು ಎಂದೂ, ಹೇಳದಿದ್ದರೆ ಸಾಕು ಎಂದೂ ಅವನಿಗೆ ಒಟ್ಟಿಗೇ ಅನ್ನಿಸಿತು.

"ಹೌದು," ಎಂದಳು ಅವಳು ರಾಸ್‌ಗೆ. "ನಾನೇ ಎಳೆದದ್ದು. ಸಾರಿ."

ರಾಸ್ ಒಳ್ಳೆಯವನೇ. ಎರಡು ಕೈಯನ್ನೂ ಕೌಂಟರಿಗೆ ಊರಿ, ಎಳೆ ಮಗುವಿಗೆ ಹೇಳುವ ಹಾಗೆ, ಒಂದೊಂದೇ ಪದ ಬಿಡಿಸಿ ಹೇಳಿದ. ಇದು ಮಿಕ್ಸಿಯಲ್ಲ, ಜೀವ ಹೋಗುತ್ತದೆ, ಲೈಸೆನ್ಸ್ ಇಲ್ಲದವರು ಇದನ್ನು ಮುಟ್ಟಲೇಬಾರದು. ದೊಡ್ಡ ಆಸ್ಪತ್ರೆಯಲ್ಲಿ ಔಷಧಿಗಳ ಲೆಕ್ಕವನ್ನೆಲ್ಲ ಹೊತ್ತಿರುವ ಇಂದುಮತಿ ಒಂದೊಂದು ಮಾತಿಗೂ ತಲೆಯಾಡಿಸಿದಳು. ಉಮಾಪತಿ ಹಳೇ ಕಾಲದ ಯಂತ್ರದ ಹಿಡಿಯನ್ನು ಮೇಲೆ ಕೆಳಗೆ ಮಾಡಿ ನೋಡುತ್ತಿದ್ದ. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಹೊರಗೆ ಕಾರಿನಲ್ಲಿ, ಬದಲಿಗೆ ಕೊಂಡ ಹಳೇ ಕಾಲದ ಯಂತ್ರದ ಡಬ್ಬ ಅವಳ ತೊಡೆಯ ಮೇಲಿತ್ತು. ಅವಳು ಬೆಲ್ಟ್ ಹಾಕಿಕೊಂಡಳು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಇಂದು, ತಪ್ಪಾಯ್ತು ಕಣೇ. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ."

"ನಂಗ್ಯಾಕೆ ಹೇಳ್ತೀರಿ? ನಂಗೆ ಗೊತ್ತಲ್ಲ, ಎಳೆದಿದ್ದು ಯಾರು ಅಂತ."

ಅವಳ ಮಾತು ನಾಟಿತು. ಅವನು ಬೆಲ್ಟ್ ಬಿಚ್ಚಿದ. "ಇರು, ಒಳಗೆ ಹೋಗಿ ನಿಜ ಹೇಳಿ ಬರ್ತೀನಿ."

"ಹೇಳ್ತೀರಾ?"

"ಹೇಳ್ತೀನಿ."

ಬಾಗಿಲು ತಳ್ಳಿಕೊಂಡು ಹೋದಾಗ ಕೌಂಟರಿನ ಹತ್ತಿರ ಇನ್ನಿಬ್ಬರು ಗಿರಾಕಿಗಳಿದ್ದರು. ರಾಸ್ ಅಭಿನಯ ಮಾಡುತ್ತಿದ್ದ. ಒಂದು ಕೈಯಲ್ಲಿ ಇಲ್ಲದ ಪೊರಕೆ, ಇನ್ನೊಂದರಲ್ಲಿ ಇಲ್ಲದ ಹಿಡಿ. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಉಮಾಪತಿಯನ್ನು ಕಂಡ ಒಬ್ಬ ಅವನ ಭುಜ ತಟ್ಟಿ, ನನ್ನವಳೂ ಹಾಗೇ, ಶೆಡ್ಡಿಗೆ ಬೀಗ ಹಾಕು ಎಂದ. ಆಡಬೇಕೆಂದುಕೊಂಡ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಉಮಾಪತಿ ನಕ್ಕ. ಚೆನ್ನಾಗಿಯೇ ನಕ್ಕ.

ಥೂ, ಎಂಥ ಮನುಷ್ಯ ನಾನು ಅಂದುಕೊಳ್ಳುತ್ತಲೇ ಹೊರಗೆ ಬಂದ. ಇಂದುಮತಿ ಕಿಟಕಿಯ ಗಾಜು ಇಳಿಸಿದ್ದಳು.

"ಹೇಳಿದ್ರಾ?"

"ಹೂಂ."

"ಇಲ್ಲಿಂದ ಕಾಣ್ತಿತ್ತು ರೀ. ನೀವೂ ನಗ್ತಿದ್ರಿ."

ಅವಳು ಬಾಗಿಲು ತೆರೆದು, ತೊಡೆಯ ಮೇಲಿದ್ದ ಡಬ್ಬವನ್ನು ಎರಡೂ ಕೈಯಿಂದ ಎತ್ತಿ ಅವನತ್ತ ಚಾಚಿದಳು.

"ತಗೊಳ್ಳಿ. ನಾನು ಮುಟ್ಟಬಾರದಂತೆ."

ಡಬ್ಬ ಭಾರವಾಗಿತ್ತು. ಅವಳು ಬಾಗಿಲು ಹಾಕಿಕೊಂಡು ಗಾಜು ಏರಿಸಿದಳು. ಉಮಾಪತಿ ಅದನ್ನು ಎದೆಗವಚಿಕೊಂಡು ಬಿಸಿಲಲ್ಲೇ ನಿಂತಿದ್ದ.